ಶೈಕ್ಷಣಿಕ ಇಂಗ್ಲಿಷಿನ ಪದಸಂಪತ್ತು: ಗಳಿಸುವ ಕ್ರಮ

ಕನ್ನಡ ಮಾಧ್ಯಮದಲ್ಲಿ ಓದಿ ಪದವಿ ತರಗತಿಗೆ ಬಂದ ವಿದ್ಯಾರ್ಥಿಗೆ ಇಂಗ್ಲಿಷ್ ಪಠ್ಯದಲ್ಲಿ ತೊಡಕಾಗುವುದು ಬಹುಮಟ್ಟಿಗೆ ಆಯಾ ಶಾಸ್ತ್ರದ ಪಾರಿಭಾಷಿಕ ಪದಗಳಲ್ಲ, ಏಕೆಂದರೆ ಅವುಗಳನ್ನು ಅಧ್ಯಾಪಕರೇ ತರಗತಿಯಲ್ಲಿ ಬಿಡಿಸಿ ಹೇಳುತ್ತಾರೆ. ಅರ್ಥಶಾಸ್ತ್ರದಿಂದ ಜೀವಶಾಸ್ತ್ರದವರೆಗೆ ಎಲ್ಲೆಡೆ ಬಂದರೂ ಯಾರೂ ವಿವರಿಸದೆ ಮುಂದೆ ಸಾಗುವುದು ‘ಅಸ್ಯೂಮ್’, ‘ಡಿರೈವ್’, ‘ಕಾನ್‌ಸ್ಟಿಟ್ಯೂಟ್’ನಂಥ ಪದಗಳನ್ನು. ಭಾಷಾಬೋಧನೆಯಲ್ಲಿ ಇವುಗಳಿಗೆ ಶೈಕ್ಷಣಿಕ ಪದಗಳೆಂದು ಹೆಸರು.

ಇವುಗಳ ಸಂಖ್ಯೆ ಮಿತವಾದುದು. ನ್ಯೂಜಿಲೆಂಡಿನ ಏವರಿಲ್ ಕಾಕ್ಸ್‌ಹೆಡ್ ಅವರು ಕಲೆ, ವಾಣಿಜ್ಯ, ಕಾನೂನು ಮತ್ತು ವಿಜ್ಞಾನದ ಸುಮಾರು 35 ಲಕ್ಷ ಪದಗಳಷ್ಟು ಬರಹವನ್ನು ಪರಿಶೀಲಿಸಿ 2000ರಲ್ಲಿ ಪ್ರಕಟಿಸಿದ ‘ಅಕಾಡೆಮಿಕ್ ವರ್ಡ್ ಲಿಸ್ಟ್’ನಲ್ಲಿ 570 ಪದಕುಟುಂಬಗಳಿವೆ, ಪದಕುಟುಂಬವೆಂದರೆ ‘ಅನಲೈಸ್’, ‘ಅನಾಲಿಸಿಸ್’, ‘ಅನಲಿಟಿಕಲ್’ ಹೀಗೆ ಒಂದೇ ಮೂಲದಿಂದ ಹೊರಟ ರೂಪಗಳ ಗುಂಪು. ಅಧ್ಯಯನಕ್ಕೆ ಒಳಪಟ್ಟ ಬರಹದಲ್ಲಿ ಶೇ. 10ರಷ್ಟು ಪದಗಳು ಈ ಕುಟುಂಬಗಳಿಗೇ ಸೇರಿದ್ದವು. ಪಟ್ಟಿಯನ್ನು ಬಳಕೆಯ ಪ್ರಮಾಣಕ್ಕೆ ತಕ್ಕಂತೆ 10 ಉಪಪಟ್ಟಿಗಳಾಗಿ ವಿಂಗಡಿಸಲಾಗಿದ್ದು, ಹೆಚ್ಚು ಬಳಕೆಯ 60 ಕುಟುಂಬಗಳಿರುವ ಮೊದಲನೆಯದರಿಂದ ಆರಂಭಿಸುವುದು ಯುಕ್ತ. ಆದರೆ ಮೈಕೆಲ್ ವೆಸ್ಟ್ 1953ರಲ್ಲಿ ಹೊರತಂದ ಸುಮಾರು 2000 ಸಾಮಾನ್ಯ ಪದಗಳ ಪಟ್ಟಿ ಓದುಗನಿಗೆ ಮೊದಲೇ ತಿಳಿದಿದೆಯೆಂದು ಕಾಕ್ಸ್‌ಹೆಡ್ ಭಾವಿಸಿರುವುದರಿಂದ, ಆ ತಳಪಾಯವನ್ನು ಮೊದಲು ಪರೀಕ್ಷಿಸಿಕೊಳ್ಳಬೇಕು.

ಪಟ್ಟಿಯನ್ನು ಬಾಯಿಪಾಠ ಮಾಡುವುದು ವ್ಯರ್ಥಶ್ರಮ. ತನ್ನ ವಿಷಯದ ಪಠ್ಯದಿಂದ ಎರಡು ಪುಟ ಆರಿಸಿ, ಪಟ್ಟಿಯ ಪದಗಳಿಗೆ ಅಡಿಗೆರೆ ಹಾಕಿ, ಪದ ಬಂದ ಪೂರ್ಣ ವಾಕ್ಯವನ್ನೇ ಟಿಪ್ಪಣಿ ಪುಸ್ತಕಕ್ಕೆ ಇಳಿಸಿ, ಅದರ ಕೆಳಗೆ ಕುಟುಂಬದ ಇತರ ರೂಪಗಳನ್ನು ಬರೆದುಕೊಳ್ಳುವುದು ಮೊದಲ ಹೆಜ್ಜೆ.

ಮುಂದಿನ ಹೆಜ್ಜೆಯೇ ಹೆಚ್ಚು ಶ್ರಮದ್ದು, ಹೆಚ್ಚು ಫಲದ್ದು ಕೂಡ: ಯಾವ ಪದದ ಜೊತೆ ಯಾವುದು ಕೂಡಿಬರುತ್ತದೆ ಎಂಬ ಸಹಪ್ರಯೋಗದ ಅರಿವು. ‘ರಿಸರ್ಚ್’ ಜೊತೆಗೆ ‘ಕಂಡಕ್ಟ್’ ಅಥವಾ ‘ಕ್ಯಾರಿ ಔಟ್’ ಹೊಂದುತ್ತದೆಯೇ ಹೊರತು ‘ಮೇಕ್’ ಹೊಂದದು. ‘ಎವಿಡೆನ್ಸ್’ಗೆ ಸಾಮಾನ್ಯ ಬರಹದಲ್ಲಿ ಬಹುವಚನವಿಲ್ಲ. ಕನ್ನಡದಲ್ಲಿ ವಿಷಯದ ‘ಬಗ್ಗೆ’ ಚರ್ಚಿಸುವ ಅಭ್ಯಾಸದಿಂದ ‘ಡಿಸ್ಕಸ್’ ಪದದ ನಂತರ ‘ಅಬೌಟ್’ ತಾನಾಗಿ ಬಂದು ಸೇರುವುದುಂಟು, ಅದು ಅನಗತ್ಯ. ಇಂಗ್ಲಿಷ್–ಕನ್ನಡ ನಿಘಂಟು ಅರ್ಥಕ್ಕೆ ಸಾಕಾದರೂ ಈ ಬಗೆಯ ಮಾಹಿತಿಗೆ ಭಾಷೆ ಕಲಿಯುವವರಿಗಾಗಿಯೇ ರೂಪಿಸಿದ, ಉದಾಹರಣೆ ವಾಕ್ಯಗಳುಳ್ಳ ಇಂಗ್ಲಿಷ್ ನಿಘಂಟನ್ನೇ ತೆರೆಯಬೇಕಾಗುತ್ತದೆ.

ಒಂದೇ ಅರ್ಥದಂತೆ ಕಾಣುವ ಕ್ರಿಯಾಪದಗಳ ತೂಕವನ್ನೂ ಗುರುತಿಸಬೇಕು. ಅಂಕಿಅಂಶಗಳು ಒಂದು ತೀರ್ಮಾನವನ್ನು ‘ಸಜೆಸ್ಟ್’ ಮಾಡುತ್ತವೆ ಎಂದರೆ ಲೇಖಕನಿಗೆ ಸಂದೇಹಕ್ಕೆ ಅವಕಾಶ ಉಳಿದಿದೆ, ‘ಇಂಡಿಕೇಟ್’ ಎಂದರೆ ಅದು ಕಡಿಮೆ, ‘ಡೆಮಾನ್‌ಸ್ಟ್ರೇಟ್’ ಎಂದರೆ ಬಹುತೇಕ ಇಲ್ಲ. ಗಣಿತದ ಹೊರಗೆ ‘ಪ್ರೂವ್’ ಬಳಸಲು ಅನುಭವಿ ಸಂಶೋಧಕರು ಹಿಂಜರಿಯುತ್ತಾರೆ.

ಆಡುಮಾತಿನ ಜೋಡಿ ಕ್ರಿಯಾಪದಗಳ ಬದಲು ಒಂಟಿ ಪದಗಳನ್ನು, ಅಂದರೆ ‘ಲುಕ್ ಇನ್‌ಟು’ ಎಂಬಲ್ಲಿ ‘ಇನ್ವೆಸ್ಟಿಗೇಟ್’, ‘ಗೋ ಅಪ್’ ಎಂಬಲ್ಲಿ ‘ಇನ್‌ಕ್ರೀಸ್’ ಬಳಸುವ ಅಭ್ಯಾಸವೂ ಆಗಬೇಕು. ಆದರೆ ಔಪಚಾರಿಕತೆಯೆಂದರೆ ಭಾರದ ಪದಗಳೆಂಬ ನಂಬಿಕೆ, ನಮ್ಮ ಕಚೇರಿ ಪತ್ರಗಳಿಂದ ಬಂದದ್ದಿರಬಹುದು, ತಪ್ಪು. ‘ಯೂಸ್’ ಸಾಕಾಗುವಲ್ಲಿ ‘ಯುಟಿಲೈಸ್’ ಬರಹದ ಘನತೆಯನ್ನು ಹೆಚ್ಚಿಸುವುದಿಲ್ಲ.

ಕಲಿತದ್ದು ಉಳಿಯಲು, ಪದದ ಸ್ಥಳವನ್ನು ಖಾಲಿ ಬಿಟ್ಟ ವಾಕ್ಯವನ್ನು ಕಾರ್ಡಿನ ಒಂದು ಬದಿಗೂ ಉತ್ತರವನ್ನು ಇನ್ನೊಂದು ಬದಿಗೂ ಬರೆದು, ಮರುದಿನ, ನಾಲ್ಕು ದಿನಗಳ ನಂತರ, ಎರಡು ವಾರಗಳ ನಂತರ ಹೀಗೆ ಅಂತರ ಹೆಚ್ಚಿಸುತ್ತ ತನ್ನನ್ನು ಪರೀಕ್ಷಿಸಿಕೊಳ್ಳಬೇಕು. ವಾರಕ್ಕೊಮ್ಮೆ ಓದಿದ ಅಧ್ಯಾಯದ ಸಾರಾಂಶವನ್ನು ಅವೇ ಪದಗಳಲ್ಲಿ ಬರೆದು ಅಧ್ಯಾಪಕರಿಗೆ ತೋರಿಸಬೇಕು. ಮೊದಲ ಎರಡು ಉಪಪಟ್ಟಿಗಳು ಕೈವಶವಾದ ಮೇಲೆ, ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವೀಸ್ 12 ಕೋಟಿ ಪದಗಳ ಶೈಕ್ಷಣಿಕ ಬರಹವನ್ನು ಆಧರಿಸಿ 2014ರಲ್ಲಿ ಪ್ರಕಟಿಸಿದ ಹೊಸ ಪಟ್ಟಿಯತ್ತ ಹೊರಳಬಹುದು.