ಕವಾಟ ಹೊಸದು, ಹಲ್ಲು ಹಳೆಯದು
ಎದೆ ತೆರೆಯದೆ, ತೊಡೆಯ ರಕ್ತನಾಳದ ಮೂಲಕ ಹೃದಯಕ್ಕೆ ಟಾವಿ ಕವಾಟ (ಮಹಾಪಧಮನಿಯ ಬದಲಿ ಕವಾಟ) ಹಾಕಿಸಿಕೊಂಡ ಅಪ್ಪ ನಾಲ್ಕೇ ದಿನಕ್ಕೆ ಮನೆಗೆ ಬಂದರೆಂದು ಹಿಗ್ಗುವುದು ಸರಿಯೇ. 2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ ಮೊದಲ ಬಾರಿ ಇದನ್ನು ಮಾಡಿದಾಗ, ಎದೆ ತೆರೆಯುವ ಆಪರೇಷನ್ ತಾಳಲಾರದವರಿಗೆ ಇದ್ದ ದಾರಿ ಇದು. ಈಗ ಎಪ್ಪತ್ತರ ಗಟ್ಟಿಮುಟ್ಟಾದವರಿಗೂ ಹಾಕುತ್ತಾರೆ. ದನದ ಇಲ್ಲವೇ ಹಂದಿಯ ಹೃದಯದ ಹೊರಪೊರೆಯಿಂದ ಮಾಡಿದ ಕವಾಟ, ಸವೆಯುತ್ತದೆ. ಆದ್ದರಿಂದ ಹಾಕಿಸುವ ಮೊದಲೇ ಕೇಳಿಬಿಡಿ: "ಡಾಕ್ಟ್ರೇ, ಮುಂದೆ ಇದರೊಳಗೆ ಇನ್ನೊಂದು ಕೂರಿಸಲು ಜಾಗವಿರುತ್ತದೆಯೇ?"

ಆಮೇಲೆ ಹಲ್ಲು. ನಗಬೇಡಿ! ಬಾಯಿಯ ಬ್ಯಾಕ್ಟೀರಿಯಾ ರಕ್ತಕ್ಕಿಳಿದು ಕವಾಟದಲ್ಲಿ ಬೀಡುಬಿಟ್ಟರೆ ಪ್ರಾಣಕ್ಕೇ ಸಂಚಕಾರ. ಹುಳುಕು ಹಲ್ಲನ್ನು ಮೊದಲೇ ಸರಿಮಾಡಿಸಿ. ಮುಂದೆಂದಾದರೂ ಹಲ್ಲು ಕೀಳಿಸುವಾಗ ಕವಾಟದ ವಿಷಯ ದಂತವೈದ್ಯರಿಗೆ ತಿಳಿಸಿ. ಕೀಳುವ ಮುಂಚೆ ಆಂಟಿಬಯೋಟಿಕ್ ಕೊಡಬೇಕಾಗುತ್ತದೆ. ಕಾರಣ ತಿಳಿಯದ ಜ್ವರ ಬಂದರೆ ಮೆಡಿಕಲ್ ಶಾಪಿನ ಮಾತ್ರೆ ನುಂಗಿಸಬೇಡಿ: ಬ್ಯಾಕ್ಟೀರಿಯಾ ಇದೆಯೇ ಎಂದು ನೋಡುವ ರಕ್ತದ ಕಲ್ಚರ್ ಪರೀಕ್ಷೆ ಮೊದಲು, ಆಂಟಿಬಯೋಟಿಕ್ ಆಮೇಲೆ.

ಹೃದಯದ ಮಿಡಿತ ನಡೆಸುವ ತಂತು ಕವಾಟದ ಪಕ್ಕದಲ್ಲೇ ಹಾದುಹೋಗುತ್ತದೆ; ಹೊಸ ಕವಾಟ ಅದನ್ನು ಒತ್ತಿದರೆ ಮಿಡಿತ ನಿಧಾನವಾಗಬಹುದು. ತಲೆಸುತ್ತಿ ಬಿದ್ದರೆ "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗದೆ ಕೂಡಲೇ ಇಸಿಜಿ ಮಾಡಿಸಿ. ಕವಾಟ ಹೇಗಿದೆಯೆಂದು ನೋಡುವ ಎಕೋ ಸ್ಕ್ಯಾನನ್ನು ವರ್ಷಕ್ಕೊಮ್ಮೆ ತಪ್ಪಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ವೈದ್ಯರು ಕೊಟ್ಟ ಆಸ್ಪಿರಿನ್ನನ್ನು ನೆರೆಮನೆಯವರ ಮಾತು ಕೇಳಿ ನಿಲ್ಲಿಸಬೇಡಿ.