ಮೇಜಿನ ಮೇಲೆ ಎರಡು ಮಾನಿಟರ್, ಒಳಗೆ ಯಾವ ಲಿನಕ್ಸ್?

ಎರಡು ಮಾನಿಟರ್‌ಗೆ ಯಾವ ಡಿಸ್ಟ್ರೊ ಒಳ್ಳೆಯದು ಎಂದು ಕೇಳಿ ನೋಡಿ, ಹತ್ತು ಜನ ಹತ್ತು ಹೆಸರು ಹೇಳುತ್ತಾರೆ. ಹೆಸರಿನ ಗೊಡವೆ ಆಮೇಲಿರಲಿ. ಡೆಸ್ಕ್‌ಟಾಪ್ ಯಾವುದು, ಅದರ ಕೆಳಗೆ ಪರದೆಯ ಮೇಲೆ ಚಿತ್ರ ಮೂಡಿಸುವ ವ್ಯವಸ್ಥೆ ಎಕ್ಸ್11ಓ ವೇಲ್ಯಾಂಡೋ, ಗ್ರಾಫಿಕ್ಸ್ ಕಾರ್ಡ್ ಯಾರದು: ಈ ಮೂರು ಹೊಂದಿಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಮೊದಲು ಮಾನಿಟರ್‌ಗಳ ಜಾತಕ ನೋಡಿ.
ಎರಡೂ ಒಂದೇ ಅಳತೆ, ಒಂದೇ ರೆಸಲ್ಯೂಶನ್, ಎರಡೂ 60 ಹರ್ಟ್ಸ್ ಆಗಿದ್ದರೆ ಯಾವ ಡಿಸ್ಟ್ರೊ ಹಾಕಿದರೂ ನಡೆದೀತು. ನೇರವಾಗಿ 5ನೇ ಸೂತ್ರಕ್ಕೆ ಹೋಗಿ. ತಲೆನೋವಿರುವುದು ಬೆರಕೆ ಜೋಡಿಯಲ್ಲಿ. ಹೊಸ 27 ಇಂಚಿನ 4ಕೆ, ಪಕ್ಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್‌ಹ್ಯಾಂಡ್ 24 ಇಂಚಿನ ಫುಲ್ ಎಚ್‌ಡಿ ಇದೆ ಎನ್ನಿ. ಮೊದಲನೆಯದರಲ್ಲಿ ಇಂಚಿಗೆ ಸುಮಾರು 163 ಪಿಕ್ಸೆಲ್, ಎರಡನೆಯದರಲ್ಲಿ 92. 4ಕೆಯಲ್ಲಿ ಕಣ್ಣು ಕಿರಿದು ಮಾಡಿ ಓದುವ ಅಕ್ಷರ, ಕಿಟಕಿಯನ್ನು ಪಕ್ಕಕ್ಕೆಳೆದ ಕೂಡಲೇ ಹೆಚ್ಚುಕಡಿಮೆ ಎರಡರಷ್ಟಾಗಿ ಕೂರುತ್ತದೆ.

2. ಬೆರಕೆ ಜೋಡಿಗೆ ವೇಲ್ಯಾಂಡ್ ಬೇಕೇ ಬೇಕು.
ಎಕ್ಸ್11 ಹುಟ್ಟಿದ್ದು 1987ರಲ್ಲಿ. ಎಷ್ಟೇ ಮಾನಿಟರ್ ಜೋಡಿಸಿ, ಎಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಹಾಳೆ ಎಂದು ಅದು ತಿಳಿಯುತ್ತದೆ. ಒಂದೊಂದು ಪರದೆಗೂ ಬೇರೆ ಸ್ಕೇಲ್ ಬೇಕೆಂದರೆ ಕಮಾಂಡ್‌ಗಳ ಕಸರತ್ತು ಮಾಡಬೇಕು, ಅಷ್ಟು ಮಾಡಿದ ಮೇಲೂ ಅಕ್ಷರ ಮಸುಕು. 144 ಹರ್ಟ್ಸ್‌ನ ಪಕ್ಕ 60 ಹರ್ಟ್ಸ್ ಕೂಡಿಸಿದರೆ ವಿಡಿಯೊ ನಡುವೆ ಹರಿದಂತೆ ಕಾಣುವುದೂ ಉಂಟು. ವೇಲ್ಯಾಂಡ್ ಪ್ರತಿ ಮಾನಿಟರ್‌ಗೂ ಬೇರೆ ಲೆಕ್ಕ ಇಡುತ್ತದೆ: 4ಕೆಗೆ ಶೇಕಡ 175, ಹಳೆಯದಕ್ಕೆ 100. ಫೆಡೋರಾ 2016ರಲ್ಲೇ ತನ್ನ 25ನೇ ಆವೃತ್ತಿಯಿಂದ ವೇಲ್ಯಾಂಡನ್ನೇ ಡಿಫಾಲ್ಟ್ ಮಾಡಿತು, ಉಬುಂಟು 25.10ರ ಗ್ನೋಮ್ ಡೆಸ್ಕ್‌ಟಾಪಿನಲ್ಲಂತೂ ಎಕ್ಸ್11 ಲಾಗಿನ್ ಆಯ್ಕೆಯನ್ನೇ ತೆಗೆದರು. ಲಿನಕ್ಸ್ ಮಿಂಟ್ 22ರ ಸಿನಮನ್ ಡೆಸ್ಕ್‌ಟಾಪಿನಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಮಿಂಟ್ ಬಲು ಸುಲಭದ ಡಿಸ್ಟ್ರೊ, ನಿಜ. ಆದರೂ ಬೆರಕೆ ಜೋಡಿ ಇಟ್ಟುಕೊಂಡವರಿಗೆ ನಾನು ಅದನ್ನು ಹೇಳುವುದಿಲ್ಲ.

3. ಡೆಸ್ಕ್‌ಟಾಪಿನ ಸ್ವಭಾವ ತಿಳಿದುಕೊಳ್ಳಿ.
ಕೆಡಿಇ ಪ್ಲಾಸ್ಮಾದಲ್ಲಿ ಪ್ರತಿ ಮಾನಿಟರ್‌ಗೂ ಬೇರೆ ಪ್ಯಾನೆಲ್, ಬೇರೆ ವಾಲ್‌ಪೇಪರ್, ಬೇರೆ ಸ್ಕೇಲ್. ಬೆರಕೆ ಜೋಡಿಗೆ ನನ್ನ ಮೊದಲ ಆಯ್ಕೆ ಇದೇ. ಆದರೆ 2024ರ ಫೆಬ್ರವರಿಯಲ್ಲಿ ಬಂದ ಪ್ಲಾಸ್ಮಾ 6 ಅಥವಾ ಆಮೇಲಿನದ್ದೇ ಇರಲಿ. ಹೆಸರು ನೋಡಿ ಮೋಸ ಹೋಗಬೇಡಿ: ಕುಬುಂಟು 24.04ರಲ್ಲಿರುವುದು ಹಳೆಯ 5.27. ಡೆಬಿಯನ್ 13ರಲ್ಲಿ 6.3 ಇದೆ, ಫೆಡೋರಾ ಕೆಡಿಇಯಲ್ಲಿ ಇನ್ನೂ ಹೊಸದು ಸಿಗುತ್ತದೆ.

ಗ್ನೋಮ್‌ನ ಹಾದಿ ಬೇರೆ. ಮೇಲಿನ ಪಟ್ಟಿ ಒಂದೇ ಮಾನಿಟರ್‌ನಲ್ಲಿ. ವರ್ಕ್‌ಸ್ಪೇಸ್ ಬದಲಿಸಿದರೆ ಮುಖ್ಯ ಪರದೆ ಮಾತ್ರ ಬದಲಾಗುತ್ತದೆ, ಎರಡನೆಯದು ಅಲ್ಲಾಡುವುದಿಲ್ಲ. ಇದು ದೋಷವೆಂದು ಬೈಯುವವರಿದ್ದಾರೆ. ಪಕ್ಕದಲ್ಲಿ ಸದಾ ಮೀಟಿಂಗ್ ಅಥವಾ ಚಾಟ್ ತೆರೆದಿಟ್ಟುಕೊಳ್ಳುವವರಿಗೆ ಇದೇ ಅನುಕೂಲ. ಬೇಡವಾದರೆ ಸೆಟ್ಟಿಂಗ್ಸ್‌ನ ಮಲ್ಟಿಟಾಸ್ಕಿಂಗ್ ಪುಟದಲ್ಲಿ ಬದಲಿಸಬಹುದು.

4. ಕಾರ್ಡ್ ಯಾರದು?
ಇಂಟೆಲ್, ಎಎಂಡಿ ಆದರೆ ಡ್ರೈವರ್ ಡಿಸ್ಟ್ರೊ ಜೊತೆಗೇ ಬರುತ್ತದೆ, ಹುಡುಕಾಟವಿಲ್ಲ. ಎನ್‌ವಿಡಿಯಾ ಇದ್ದರೆ 2024ರಲ್ಲಿ ಬಂದ 555ನೇ ಸರಣಿ ಅಥವಾ ಅದಕ್ಕಿಂತ ಹೊಸ ಡ್ರೈವರ್ ಸುಲಭವಾಗಿ ಸಿಗುವ ಡಿಸ್ಟ್ರೊ ಹಿಡಿಯಿರಿ. ವೇಲ್ಯಾಂಡ್‌ನಲ್ಲಿ ಪರದೆ ಮಿಣುಕುವ ಕಾಟ ಅಲ್ಲಿಂದ ಬಹಳ ತಗ್ಗಿತು. 470ನೇ ಸರಣಿಯ ಆಚೆ ಡ್ರೈವರೇ ಇಲ್ಲದ ಹಳೆಯ ಎನ್‌ವಿಡಿಯಾ ಕಾರ್ಡ್‌ಗಳಿಗೆ ಮಾತ್ರ ಎಕ್ಸ್11 ವಾಸಿ, ಅಲ್ಲಿ ಮಿಂಟ್ ಚೆನ್ನಾಗಿ ಹೊಂದುತ್ತದೆ. ಎಎಂಡಿ ಕೊಂಡವರಿಗೂ ಒಂದು ಕಿವಿಮಾತು: ಮುಕ್ತ ತಂತ್ರಾಂಶದ ಡ್ರೈವರ್‌ನಲ್ಲಿ ಎಚ್‌ಡಿಎಂಐ 2.1 ಅಳವಡಿಸಲು 2024ರಲ್ಲಿ ಎಚ್‌ಡಿಎಂಐ ಫೋರಮ್ ಒಪ್ಪಲಿಲ್ಲ. 4ಕೆಯಲ್ಲಿ 120 ಹರ್ಟ್ಸ್ ಬೇಕಿದ್ದರೆ ಡಿಸ್‌ಪ್ಲೇಪೋರ್ಟ್ ಇರುವ ಮಾನಿಟರನ್ನೇ ಕೊಳ್ಳಿ.

5. ಕೇಬಲ್, ಪೋರ್ಟ್ ಪರೀಕ್ಷಿಸದೆ ಡಿಸ್ಟ್ರೊ ಬದಲಿಸಬೇಡಿ.
ಎಚ್‌ಡಿಎಂಐ 1.4ರ ಪೋರ್ಟ್‌ನಲ್ಲಿ 4ಕೆ 30 ಹರ್ಟ್ಸ್‌ಗೇ ನಿಲ್ಲುತ್ತದೆ. ಮೌಸ್ ತಡವರಿಸಿದರೆ ಲಿನಕ್ಸನ್ನು ಬೈದು ಪ್ರಯೋಜನವಿಲ್ಲ.

6. ಡಾಕ್ ಇದ್ದರೆ ಅದರ ಒಳಗಿನ ಚಿಪ್ ಕೇಳಿ.
ಯುಎಸ್‌ಬಿ-ಸಿ ಮೂಲಕ ಡಿಸ್‌ಪ್ಲೇಪೋರ್ಟ್ ಸಿಗ್ನಲ್ ನೇರವಾಗಿ ಸಾಗಿಸುವ ಡಾಕ್ ಸಾಮಾನ್ಯವಾಗಿ ಚುಚ್ಚಿದ ಕೂಡಲೇ ನಡೆಯುತ್ತದೆ. ಡಿಸ್‌ಪ್ಲೇಲಿಂಕ್ ಚಿಪ್‌ನದ್ದು ಹಾಗಲ್ಲ. ಅದಕ್ಕೆ ಬೇರೆ ಡ್ರೈವರ್, ಕರ್ನಲ್‌ಗೆ ಬೇರೆ ಮಾಡ್ಯೂಲ್ ಬೇಕು. ಕರ್ನಲ್ ಅಪ್‌ಡೇಟ್ ಆದ ಬೆಳಿಗ್ಗೆ ಎರಡೂ ಪರದೆ ಕಪ್ಪಾಗಿ ಕೂತರೆ ಆಶ್ಚರ್ಯಪಡಬೇಡಿ. ಕಂಪನಿ ಅಧಿಕೃತವಾಗಿ ಬೆಂಬಲಿಸುವುದು ಉಬುಂಟುವನ್ನು. ಆದ್ದರಿಂದ ಈ ಡಾಕ್ ಇರುವವರಿಗೆ ಉಬುಂಟು ಎಲ್‌ಟಿಎಸ್. ದಿನಾ ಹೊಸದು ಸುರಿಯುವ ಆರ್ಚ್‌ನಂಥವು ಬೇಡ.

7. ಪೆನ್‌ಡ್ರೈವ್‌ನಿಂದ ಓಡಿಸಿ, ಕಾಟ ಕೊಟ್ಟು ನೋಡಿ.
ವೆಂಟಾಯ್ ಎಂಬ ತಂತ್ರಾಂಶ ಹಾಕಿದ ಒಂದೇ ಪೆನ್‌ಡ್ರೈವ್‌ನಲ್ಲಿ ಮೂರು ಡಿಸ್ಟ್ರೊಗಳ ಐಎಸ್‌ಒ ಹಾಕಿಕೊಳ್ಳಬಹುದು. ಚಂದದ ವಾಲ್‌ಪೇಪರ್ ನೋಡಿ ಮೆಚ್ಚಬೇಡಿ. ಕೇಬಲ್ ಕಿತ್ತು ಮತ್ತೆ ಚುಚ್ಚಿ: ಕಿಟಕಿಗಳು ತಮ್ಮ ಜಾಗಕ್ಕೆ ಮರಳಿದವೇ? ಸಸ್ಪೆಂಡ್ ಮಾಡಿ ಎಬ್ಬಿಸಿ: ಎರಡೂ ಮಾನಿಟರ್ ಎದ್ದವೇ? ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿ. ಒಂದರಲ್ಲಿ ವಿಡಿಯೊ ಓಡುವಾಗ ಇನ್ನೊಂದರಲ್ಲಿ ಉದ್ದದ ಪುಟ ಸರಿಸಿ. ಎನ್‌ವಿಡಿಯಾ ಇದ್ದವರು ಈ ಫಲಿತಾಂಶವನ್ನು ಪೂರ್ತಿ ನಂಬಬಾರದು. ಪೆನ್‌ಡ್ರೈವ್‌ನಲ್ಲಿ ಓಡುವುದು ಬಹುಪಾಲು ಮುಕ್ತ ಡ್ರೈವರ್, ಕಂಪನಿಯದ್ದು ಆಮೇಲೆ ಹಾಕುವುದು.

8. ಕನ್ನಡ ಟೈಪಿಸುವವರು ಇದನ್ನೂ ನೋಡಿ.
ಕಗಪ ಕೀಲಿಮಣೆ ವ್ಯವಸ್ಥೆಯ ಕೀಬೋರ್ಡ್ ಪಟ್ಟಿಯಲ್ಲೇ ಇರುವುದರಿಂದ ಎಲ್ಲೂ ತೊಂದರೆಯಿಲ್ಲ. ಬೇರೆ ಇನ್‌ಪುಟ್ ತಂತ್ರಾಂಶ ಬಳಸುವವರಾದರೆ ಗ್ನೋಮ್‌ನಲ್ಲಿ ಐಬಸ್ ಒಳಗೇ ಇದೆ. ಪ್ಲಾಸ್ಮಾ ವೇಲ್ಯಾಂಡ್‌ನಲ್ಲಿ ಎಫ್‌ಸಿಐಟಿಎಕ್ಸ್ (Fcitx) 5 ಹಾಕಿದ ಮೇಲೆ ಸೆಟ್ಟಿಂಗ್ಸ್‌ನ ವರ್ಚುವಲ್ ಕೀಬೋರ್ಡ್ ಪುಟಕ್ಕೆ ಹೋಗಿ ಅದನ್ನು ಆರಿಸಬೇಕು. ಹೆಸರು ಕೇಳಿದರೆ ಟಚ್‌ಸ್ಕ್ರೀನಿನ ಸಂಗತಿ ಎನಿಸುವುದರಿಂದ ಯಾರೂ ಆ ಕಡೆ ತಲೆಹಾಕುವುದಿಲ್ಲ.