ಫೋನಿನಲ್ಲೂ ಕನ್ನಡ, ಅರ್ಜಿಯಲ್ಲೂ ಕನ್ನಡ

ನಿಮ್ಮ ಕೈಯಲ್ಲಿ ಫೋನ್ ಇದೆ. ಅದರಲ್ಲಿ ವಾಟ್ಸಾಪ್ ಇದೆ. ಊರಿನ ಗ್ರೂಪೂ ಇದೆ, ಅಲ್ವಾ? ಅಲ್ಲಿ ಕೆಲವರು ಕನ್ನಡದ ಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೀತಾರೆ. ನೀವು ಕನ್ನಡ ಅಕ್ಷರ ಕಲಿತಿದ್ದೀರಿ. ಅದರಲ್ಲೇ ಬರೆಯಿರಿ. ಫೋನಿನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಳ್ಳಬಹುದು. ಗೊತ್ತಾಗದಿದ್ದರೆ ಮನೆಯ ಮಕ್ಕಳನ್ನು ಕೇಳಿ.

ಇದು ಯಾಕೆ ಮುಖ್ಯ? ನಮ್ಮ ಕಾಸರಗೋಡು ಮೊದಲು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. ಕರ್ನಾಟಕಕ್ಕೆ ಸೇರಬೇಕೆಂದು ಇಲ್ಲಿಯ ಕನ್ನಡಿಗರು ಹೋರಾಡಿದರು. ಕವಿ ಕಯ್ಯಾರ ಕಿಞ್ಞಣ್ಣ ರೈಗಳೂ ಹೋರಾಡಿದರು. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗವನ್ನು ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿತು. ಅದು ಜಾರಿಗೆ ಬರಲಿಲ್ಲ.

ಗಡಿ ಹಾಗೆಯೇ ಉಳಿಯಿತು. ಭಾಷೆಯ ಹಕ್ಕೂ ಉಳಿದಿದೆ. 1969ರ ಕೇರಳದ ಆಡಳಿತ ಭಾಷಾ ಕಾನೂನು ಏನು ಹೇಳುತ್ತದೆ? ಕನ್ನಡಿಗರು ಸರಕಾರಕ್ಕೆ ಕನ್ನಡದಲ್ಲೇ ಬರೆಯಬಹುದು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಬರೆಯಬಹುದು. ಉತ್ತರವೂ ಕನ್ನಡದಲ್ಲಿ ಬರಬೇಕು.

ಆದರೆ ಒಂದು ಮಾತು ನೆನಪಿಡಿ. ಗ್ರೂಪಿನಲ್ಲಿ ಹಾಕಿದ ದೂರು ಅರ್ಜಿ ಆಗುವುದಿಲ್ಲ. ನೂರು ಜನ ಹೆಬ್ಬೆರಳು ತೋರಿಸಿದರೂ ಕಚೇರಿಯಲ್ಲಿ ಅದಕ್ಕೆ ನಂಬರ್ ಬೀಳುವುದಿಲ್ಲ. ಕಾಗದದಲ್ಲಿ ಬರೆಯಿರಿ. ತಾರೀಕು ಹಾಕಿ, ಸಹಿ ಮಾಡಿ. ಒಂದು ಪ್ರತಿ ಇಟ್ಟುಕೊಳ್ಳಿ. ರಶೀದಿ ಕೇಳಿ. ಯಾರೂ ಕನ್ನಡದಲ್ಲಿ ಬರೆಯದಿದ್ದರೆ, ಕನ್ನಡ ಬಲ್ಲ ನೌಕರರು ಯಾಕೆ ಬೇಕು ಎಂಬ ಪ್ರಶ್ನೆ ಏಳುತ್ತದೆ.

ಫೋನಿಗೆ ಸುಳ್ಳು ಸುದ್ದಿಯೂ ಬರುತ್ತದೆ. "ಕನ್ನಡ ಶಾಲೆ ಮುಚ್ತಾರಂತೆ, ಎಲ್ಲರಿಗೂ ಕಳಿಸಿ" ಅಂತ ಬಂತು ಅಂದುಕೊಳ್ಳಿ. ಕೂಡಲೇ ಕಳಿಸಬೇಡಿ. ಯಾರು ಬರೆದದ್ದು? ಯಾವ ತಾರೀಕಿನದ್ದು? ಆದೇಶ ಎಲ್ಲಿದೆ? ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ. ನಿಜವಾದರೆ ಅರ್ಜಿ ಬರೆಯಿರಿ. ಸುಳ್ಳಾದರೆ ಅಳಿಸಿ.

ಚುನಾವಣೆ ಬಂದಾಗ ಭಾಷೆಯ ಹೆಸರಿನಲ್ಲಿ ಮತ ಕೇಳುವವರು ಇರುತ್ತಾರೆ. ಕೇಳಲಿ. ಕನ್ನಡಕ್ಕಾಗಿ ಏನು ಮಾಡಿದಿರಿ ಎಂದು ನೀವೂ ಕೇಳಿ. ಮತ ನಿಮ್ಮದು, ಅದು ಗುಟ್ಟಿನದು.

ನಮ್ಮಲ್ಲಿ ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ ಮಾತಾಡುವವರೂ ಇದ್ದಾರೆ. ನೆರೆಮನೆಯವರ ಭಾಷೆಯನ್ನು ಬೈದರೆ ನಮ್ಮ ಭಾಷೆ ಬೆಳೆಯುವುದಿಲ್ಲ. ಬರೆದರೆ ಬೆಳೆಯುತ್ತದೆ.

ಮಾಡಿ ನೋಡಿ
1. ನಿಮ್ಮ ಹೆಸರು, ಊರು ಫೋನಿನಲ್ಲಿ ಕನ್ನಡದಲ್ಲಿ ಬರೆಯಿರಿ.
2. ದಾರಿದೀಪ ಕೆಟ್ಟಿದೆ ಎಂದು ಪಂಚಾಯತಿಗೆ ನಾಲ್ಕು ಸಾಲಿನ ಅರ್ಜಿ ಬರೆಯಿರಿ.
3. ಸುದ್ದಿ ಕಳಿಸುವ ಮೊದಲು ಕೇಳಬೇಕಾದ ಮೂರು ಪ್ರಶ್ನೆ ಯಾವುವು?